ಕೇಳಿದ್ದು ಒಂದು ಫೋನ್ ನಂಬರ್ ಪಟ್ಟಿ, ಸಿಕ್ಕಿದ್ದು ಬೈಗುಳ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಿರಿಯರ ಬಳಗ ಒಂದಿದೆ. ಭಾನುವಾರ ಬೆಳಿಗ್ಗೆ ಯೋಗ, ಭಜನೆ, ಆಮೇಲೆ ತಿಂಡಿ. ನಮ್ಮ ಅಮ್ಮನೂ ಹೋಗುತ್ತಾರೆ. ಬರುವವರಲ್ಲಿ ಬಿಪಿ, ಶುಗರ್ ಇಲ್ಲದವರನ್ನು ಹುಡುಕಬೇಕು. ಇಷ್ಟು ವಯಸ್ಸಾದವರನ್ನು ಒಂದು ಕಡೆ ಸೇರಿಸುವವರು, ಯಾರಿಗಾದರೂ ಏನಾದರೂ ಆದರೆ ಏನು ಮಾಡೋದು ಅಂತ ಒಂದು ಸಲ ಕೂತು ಯೋಚಿಸಬೇಡವಾ?

ನಾನು ಕೇಳಿದ್ದು ಇಷ್ಟೇ. ಪ್ರತಿಯೊಬ್ಬರ ಮನೆಯವರ ನಂಬರ್, ನುಂಗುವ ಮಾತ್ರೆಗಳ ಹೆಸರು ಒಂದು ಪುಸ್ತಕದಲ್ಲಿ ಬರೆದಿಡೋಣ ಅಂತ. "ಬಿಡ್ತು ಅನ್ನಿ, ಅಪಶಕುನ ನುಡಿಯೋಕೆ ಬಂದ್ರಾ?" ಅಂತ ಬಳಗ ನಡೆಸುವವರು ಎಲ್ಲರೆದುರು ಬೈದರು. ಮೈಯೆಲ್ಲ ಉರಿದುಹೋಯಿತು.

ಆ ಹಾಲ್ ನೋಡಬೇಕು ನೀವು. ಮೊದಲ ಮಹಡಿ, ಲಿಫ್ಟ್ ಇಲ್ಲ. ನುಣ್ಣನೆ ಟೈಲ್ಸ್ ಮೇಲೆ ಜಮಖಾನ, ಕಾಲಿಟ್ಟರೆ ಜಾರುತ್ತದೆ. ಮೈಕಿನ ವೈರು ಓಡಾಡುವ ದಾರಿಯಲ್ಲೇ. ಹಿಂದಿನ ಬಾಗಿಲಿಗೆ ಬೀಗ, ಕೀಲಿ ವಾಚ್‌ಮನ್ ಹತ್ತಿರ, ಅವನಿಗೆ ಭಾನುವಾರ ರಜ!

ತಿಂಡಿ 8 ಗಂಟೆಗೆ ಅಂತಾರೆ. ಭಾಷಣ ಮುಗಿದು ಎಲೆ ಹಾಕುವಾಗ 10. ಇನ್ಸುಲಿನ್ ಚುಚ್ಚಿಕೊಂಡು ಬಂದವರ ಗತಿ? ಹೋದ ತಿಂಗಳು ಒಬ್ಬರು ಅಜ್ಜಿ ಬೆವತು, ಕೈ ನಡುಗಿ, ಗೋಡೆಗೆ ಒರಗಿಬಿಟ್ಟರು. ಎಲ್ಲರೂ "ಗಾಳಿ ಬಿಡಿ, ಗಾಳಿ ಬಿಡಿ" ಅಂತ ಕೂಗಿದ್ದೇ ಕೂಗಿದ್ದು. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಹೀಗೇ ಆಗುತ್ತದೆ. ಪ್ರಜ್ಞೆ ಇರುವಾಗಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಪಕ್ಕದ ಅಡುಗೆಮನೆಯಲ್ಲಿ ಡಬ್ಬದ ತುಂಬ ಸಕ್ಕರೆ ಇತ್ತು. ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವರ ಮಗನ ನಂಬರ್ ಅಂತೂ ಯಾರ ಹತ್ತಿರವೂ ಇರಲಿಲ್ಲ. ಅಡುಗೆಯವರೇ ಓಡಿ ಬಂದು ಪಾನಕ ಕುಡಿಸಿದ್ದಕ್ಕೆ ಅಜ್ಜಿ ಚೇತರಿಸಿಕೊಂಡರು.

ಮಾತ್ರೆ ಹೆಸರು ಯಾಕೆ ಅಂತಾರೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಏನೂ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ಎದ್ದು ಕೂತರಲ್ಲ ಅಂತ ಸುಮ್ನೆ ಮನೆಗೆ ಕಳಿಸುವಂತಿಲ್ಲ.

ಈಗ ಆಷಾಢ ಶುಕ್ರವಾರ ಎಲ್ಲರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಂತೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಜಿಟಿಜಿಟಿ ಮಳೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಯಾರು ಹತ್ತಬಹುದು, ಯಾರು ಬಸ್ಸಲ್ಲಿ ಬರಬೇಕು ಅಂತ ವಿಚಾರಿಸಿದ್ದಾರಾ? "ತಾಯಿ ನೋಡ್ಕೊಳ್ತಾಳೆ" ಅಂತೆ. ನನಗೂ ಆ ತಾಯಿ ಮೇಲೆ ಭಕ್ತಿ ಇದೆ ಸ್ವಾಮಿ. ನಿಮ್ಮ ಕೆಲಸವನ್ನು ಅವಳ ತಲೆಗೆ ಕಟ್ಟಬೇಡಿ. ಬ್ಯಾನರಿಗೆ ದುಡ್ಡಿದೆ, ಶಾಲು ಹಾರಕ್ಕೆ ದುಡ್ಡಿದೆ, ಆ ಹಾಲ್‌ನ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಲು ಮಾತ್ರ ಇಲ್ಲ. ಅಮ್ಮನನ್ನು ಬೆಟ್ಟಕ್ಕೆ ಕಳಿಸಲ್ಲ ಅಂತ ಮುಖಕ್ಕೇ ಹೇಳಿ ಬಂದಿದ್ದೇನೆ.