ಹೊಟ್ಟೆಯ ಮೇಲಿನ ‘ಟಿ’ ಗುರುತೊಂದೇ ಸಾಲದು

ಮಾವಿನ ತೋಟದ ಮೋಹಕ ಬಲೆಗೆ ಬಿದ್ದ ಹಣ್ಣುನೊಣದ ಹೊಟ್ಟೆಯ ಮೇಲೆ ‘ಟಿ’ ಆಕಾರದ ಕಪ್ಪು ಗುರುತಿದ್ದರೆ ಅದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಪ್ರಭೇದವೆಂದೇ ತಿಳಿಯಬಹುದು ಎಂಬ ಲೇಖನವೊಂದರ ಮಾತನ್ನು ರೈತರು ಹಾಗೆಯೇ ಒಪ್ಪಬಾರದೆಂದು ನನ್ನ ವಿನಂತಿ. ಆ ಗುರುತು ಅದೇ ಕುಲದ ಹಲವು ಪ್ರಭೇದಗಳಲ್ಲಿದೆ. ಗಂಡು ನೊಣಗಳನ್ನು ಸೆಳೆಯುವ ಮೀಥೈಲ್ ಯುಜಿನಾಲ್ ಎಂಬ ರಾಸಾಯನಿಕವಿಟ್ಟ ಬಲೆಗೆ ಅದೇ ಕುಲದ ಜೊನಾಟಾ ಮತ್ತು ಕರೆಕ್ಟಾ ಪ್ರಭೇದಗಳ ಗಂಡು ನೊಣಗಳೂ ಬರುತ್ತವೆ. ಮೊದಲು ನೋಡಬೇಕಾದದ್ದು ರೆಕ್ಕೆಯನ್ನು. ಡಾರ್ಸಾಲಿಸ್‌ನಲ್ಲಿ ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ತೆಳುವಾದ ಕಂದು ಪಟ್ಟಿಯೊಂದು ಎಲ್ಲಿಯೂ ಕಡಿಯದೆ ತುದಿಯವರೆಗೆ ಸಾಗುತ್ತದೆ. ಉಳಿದೆರಡರಲ್ಲಿ ಅದು ನಡುವೆ ಅಳಿದು, ತುದಿಯಲ್ಲಿ ಕಂದು ಚುಕ್ಕೆಯೊಂದು ಮಾತ್ರ ಎದ್ದು ಕಾಣುತ್ತದೆ. ಅವೆರಡನ್ನು ಬೇರ್ಪಡಿಸಲು ಭೂತಗನ್ನಡಿ ಹಿಡಿದು ಮುಖ ನೋಡಬೇಕು: ಜೊನಾಟಾದಲ್ಲಿ ಎರಡು ಬಿಡಿ ಕಪ್ಪು ಚುಕ್ಕೆಗಳಿದ್ದರೆ, ಕರೆಕ್ಟಾದಲ್ಲಿ ಅವು ಅಡ್ಡಕ್ಕೆ ಹಿಗ್ಗಿ ಬಹುತೇಕ ಒಂದೇ ಗೆರೆಯಂತಿರುತ್ತವೆ.

ಎದೆಯ ಬಣ್ಣವನ್ನಂತೂ ನೆಚ್ಚಿಕೊಳ್ಳಲೇಬಾರದು. ಡಾರ್ಸಾಲಿಸ್‌ನ ಎದೆ ಕಪ್ಪಿನಿಂದ ಕೆಂಗಂದಿನವರೆಗೆ ಬದಲಾಗುತ್ತದೆ. ಆಫ್ರಿಕಾದಲ್ಲಿ ಕಂಡ ಇದೇ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಬೇರೆ ಹೆಸರಿಟ್ಟು, ವಂಶವಾಹಿ ಮತ್ತು ಸಂಕರ ಪ್ರಯೋಗಗಳ ಆಧಾರದ ಮೇಲೆ 2015ರಲ್ಲಿ ಮತ್ತೆ ಡಾರ್ಸಾಲಿಸ್‌ಗೇ ಸೇರಿಸಲಾಯಿತು. ಕೋಶದಿಂದ ಆಗಷ್ಟೇ ಹೊರಬಂದ ನೊಣಗಳಲ್ಲಿ ಬಣ್ಣ ಪೂರ್ತಿ ಮೂಡಿರುವುದಿಲ್ಲ. ಆದ್ದರಿಂದ ನೊಣವನ್ನು ಗುರುತಿಸಲು ಚಿತ್ರ ಕಳುಹಿಸುವವರು ದಯವಿಟ್ಟು ರೆಕ್ಕೆಯನ್ನು ಬಿಡಿಸಿ, ಬಿಳಿ ಕಾಗದದ ಮೇಲಿಟ್ಟು ತೆಗೆಯಬೇಕು.