ಮೊದಲ ಪಾಠಕ್ಕೇ ವಾರ್ ಬೇಡ

ಗಂಗಾವತಿ, ಸಿಂಧನೂರು ಕಡೆ ವೆಬ್ ಪುಟಗಳಿಗೆ ಕೋಡ್ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್ ಕಲಿಯುವ ಹುಡುಗ ಹುಡುಗಿಯರ ನೋಟ್ಸ್ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ವೇರಿಯಬಲ್ (ಲೆಕ್ಕದ ಒಂದು ಮೌಲ್ಯಕ್ಕೆ ಇಡುವ ಹೆಸರು) ಪಾಠ ಈಗಲೂ ಅದನ್ನು ಹುಟ್ಟಿಸುವ ಹಳೆಯ ಪದ var, ಅಂದರೆ ವಾರ್‌ನಿಂದಲೇ ಶುರು. ಅದೇ ಕೆಲಸಕ್ಕೆ ಲೆಟ್ (let), ಕಾನ್ಸ್ಟ್ (const) ಎಂಬ ಹೊಸ ಪದಗಳು ಬಂದದ್ದು 2015ರಲ್ಲಿ. ಹೊಸಬರಿಗೆ ಮೊದಲು ಇವೆರಡನ್ನೇ ಕಲಿಸಬೇಕು.

ನಮ್ಮ ಭತ್ತದ ಲೆಕ್ಕವನ್ನೇ ತಗೊಳ್ಳಿ. ಇಲ್ಲಿ ದರ ಹೇಳುವುದು 75 ಕೆಜಿ ಚೀಲಕ್ಕೆ. ಆ 75 ಬದಲಾಗಬಾರದು. ದರ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಬದಲಾಗದ್ದಕ್ಕೆ ಕಾನ್ಸ್ಟ್, ಬದಲಾಗುವುದಕ್ಕೆ ಲೆಟ್:

ಕಾನ್ಸ್ಟ್ ಚೀಲದತೂಕ = 75;
ಲೆಟ್ ದರ = 1800;

ನಾಳೆ ದರ ಏರಿತು ಅನ್ನಿ. ದರ = 1850; ಅಂತ ಬರೆದರೆ ಸಾಕು. ಅಲ್ಲೇ ಮತ್ತೆ ಲೆಟ್ ಹಾಕಿದರೆ ಎರರ್. ಚೀಲದತೂಕಕ್ಕೆ ಕೈತಪ್ಪಿ 70 ಕೊಟ್ಟರೂ ಎರರ್. ಈ ಎರರ್‌ಗೆ ಹೆದರಬೇಡಿ. ತಪ್ಪಾದ ಜಾಗದಲ್ಲೇ ಹಿಡಿದು ತೋರಿಸುತ್ತದೆ ಅಲ್ವಾ? ವಾರ್ ಆಗಿದ್ದರೆ ಎರಡನ್ನೂ ಸುಮ್ನೆ ಒಪ್ಪಿಕೊಳ್ಳುತ್ತಿತ್ತು. ಕೊನೆಗೆ ಮೊತ್ತ ತಪ್ಪು ಬಂದಾಗ ಸಾಲು ಸಾಲು ಹುಡುಕಬೇಕು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ವಾರ್‌ಗೆ ಫಂಕ್ಷನ್ (ಬೇಕಾದಾಗ ಕರೆದು ನಡೆಸುವ ಕೋಡಿನ ತುಂಡು) ಮಾತ್ರ ಗಡಿ. ಇಫ್ ಬ್ಲಾಕಿನ (ಷರತ್ತು ನಿಜವಾದರೆ ಮಾತ್ರ ನಡೆಯುವ ಸಾಲುಗಳ) ಒಳಗೆ ವಾರ್ ದರ = 0; ಅಂತ ಬರೆದರೆ, ಮೇಲೆ ವಾರ್‌ನಲ್ಲೇ ಬರೆದಿದ್ದ ದರವೂ ಸೊನ್ನೆಯಾಗುತ್ತದೆ. ಎರಡು ಕಡೆಯೂ ಲೆಟ್ ಬಳಸಿದ್ದರೆ ಒಳಗಿನದು ಒಳಗೇ ಉಳಿಯುತ್ತದೆ, ಹೊರಗಿನದಕ್ಕೆ ಏನೂ ಆಗುವುದಿಲ್ಲ.

ಹೆಸರಿನ ಬಗ್ಗೆ ನನ್ನ ಮಾತು ಸ್ವಲ್ಪ ಜಾಸ್ತಿಯೇ ಇದೆ. ಎ, ಬಿ, ಎಕ್ಸ್1 ಅಂತ ಇಟ್ಟರೆ ವಾರ ಕಳೆದ ಮೇಲೆ ಬರೆದವರಿಗೇ ಅರ್ಥವಾಗುವುದಿಲ್ಲ. ಲೆಟ್, ಕಾನ್ಸ್ಟ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ನಿಜ. ಆದರೆ ವೇರಿಯಬಲ್ ಹೆಸರು ಕನ್ನಡ ಲಿಪಿಯಲ್ಲಿರಬಹುದು! ದರ, ಚೀಲದತೂಕ ಎರಡನ್ನೂ ಬ್ರೌಸರ್ ಹಾಗೇ ಒಪ್ಪುತ್ತದೆ. ನಡುವೆ ಜಾಗ ಬಿಡಬಾರದು, ಅಂಕಿಯಿಂದ ಶುರು ಮಾಡಬಾರದು. ಕನ್ನಡ ಮೀಡಿಯಂನಲ್ಲಿ ಓದಿದ ಮಗುವಿಗೆ ಇದನ್ನು ಯಾಕೆ ಹೇಳಿಕೊಡಬಾರದು? ಯೋಚಿಸುವ ಭಾಷೆಯಲ್ಲೇ ಹೆಸರಿಟ್ಟರೆ ಲೆಕ್ಕ ಎಲ್ಲಿ ತಪ್ಪಿತು ಅಂತ ಬೇಗ ಕಾಣುತ್ತದೆ. ಮುಂದೆ ಕೆಲಸಕ್ಕೆ ಸೇರಿದಾಗ ತಂಡದವರು ಇಂಗ್ಲಿಷ್ ಹೆಸರು ಬೇಕು ಅಂದರೆ ಹಾಗೇ ಇಡಲಿ, ಅದೇನೂ ಕಷ್ಟವಲ್ಲ.

ಅಕ್ಷರ ತಪ್ಪಿದರೆ ಮಾತ್ರ ಹುಷಾರು. ದರ ಬದಲು ದಾರ = 1850; ಅಂತ ಬರೆದರೆ ಜಾವಾಸ್ಕ್ರಿಪ್ಟ್ ಹೊಸ ವೇರಿಯಬಲ್ಲನ್ನೇ ಹುಟ್ಟಿಸಿಬಿಡುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಕೋಟ್ ಗುರುತಿನೊಳಗೆ ಯೂಸ್ ಸ್ಟ್ರಿಕ್ಟ್ ("use strict") ಅಂತ ಹಾಕಿದ್ದರೆ ಅಲ್ಲೂ ಎರರ್ ಬರುತ್ತದೆ. ಇದನ್ನು ಮೊದಲ ದಿನವೇ ಕಲಿಸಿ.

ಹಳೆಯ ಕೋಡ್‌ನಲ್ಲಿ ವಾರ್ ಸಿಕ್ಕೇ ಸಿಗುತ್ತದೆ. ಓದಲು ಅದೂ ಗೊತ್ತಿರಬೇಕು. ಫಂಕ್ಷನ್ ಪಾಠ ಮುಗಿದ ಮೇಲೆ ಹೇಳಿಕೊಡಿ, ಆಗ ಅದರ ಗಡಿ ಯಾವುದು ಅಂತ ಮಕ್ಕಳಿಗೂ ತಿಳಿಯುತ್ತದೆ.