ಹುಟ್ಟಿದ ವರ್ಷ ಹುಡುಕಿಕೊಡಿ

ಮೊಬೈಲಿನಲ್ಲಿ ಯಾವ ಫಾರಂ ತುಂಬಲು ಹೋದರೂ ಹುಟ್ಟಿದ ದಿನಾಂಕ ಕೇಳುತ್ತಾರೆ. ಕೇಳಲಿ, ನನಗೇನೂ ಮುಚ್ಚುಮರೆ ಇಲ್ಲ. ಆದರೆ ಬರೆಯಲು ಸುಮ್ನೆ ಒಂದು ಖಾಲಿ ಜಾಗ ಕೊಡಬಾರದಾ? ಅದು ಬಿಟ್ಟು ಒಂದು ಪಟ್ಟಿ ತೆರೆಯುತ್ತದೆ. ಆ ಪಟ್ಟಿ ಶುರುವಾಗುವುದು ಈ ವರ್ಷದಿಂದ! ಈ ವರ್ಷ ಹುಟ್ಟಿದ ಮಗು ಯಾವ ಫಾರಂ ತುಂಬುತ್ತದೆ ಸ್ವಾಮಿ? ಅದಕ್ಕಿನ್ನೂ ಕತ್ತು ನಿಂತಿರುವುದಿಲ್ಲ. ಆದರೂ ಮೊದಲ ಮರ್ಯಾದೆ ಅದಕ್ಕೇ. ನನ್ನಂಥವರು ಕೆಳಗೆ, ಇನ್ನೂ ಕೆಳಗೆ, ಪಾತಾಳದಲ್ಲಿ.

ಮೊನ್ನೆಯೂ ಇದೇ ಕತೆ. ಹೆಬ್ಬೆರಳಲ್ಲಿ ತಳ್ಳುತ್ತಾ ಹೋದೆ. 2007 ಬಂತು, ಮೊದಲ ಐಫೋನ್ ಬಂದ ವರ್ಷ. 2004, ಫೇಸ್‌ಬುಕ್ ಹುಟ್ಟಿದ್ದು. ನನಗಿಂತ ಎಷ್ಟೋ ಚಿಕ್ಕದು. ಅದನ್ನೇ ಈಗಿನ ಹುಡುಗರು ಮುದುಕರ ಜಾಗ ಅನ್ನುತ್ತಾರೆ, ಇನ್ನು ನನ್ನ ಗತಿ? 2000 ಬಂತು. ಆ ಹೊಸ ವರ್ಷದ ರಾತ್ರಿ ಹನ್ನೆರಡು ಹೊಡೆದ ಕೂಡಲೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಅಂತ ಪ್ರಪಂಚವೇ ಹೆದರಿತ್ತು. ಹಳೆಯ ಪ್ರೋಗ್ರಾಂಗಳಲ್ಲಿ ವರ್ಷದ ಕೊನೆಯ ಎರಡೇ ಅಂಕಿ ಇಟ್ಟಿದ್ದರಲ್ಲ, 00 ಅಂದರೆ 1900 ಅಂದುಕೊಂಡುಬಿಟ್ಟರೆ ಅಂತ. ಆಗ ಎರಡೇ ಅಂಕಿಯಲ್ಲಿ ಕೆಲಸ ಮುಗಿಸುತ್ತಿದ್ದ ಜನ ಈಗ ನೂರು ಸಾಲಿನ ಪಟ್ಟಿ ಕೊಟ್ಟು ಸೇಡು ತೀರಿಸಿಕೊಳ್ಳುತ್ತಿದ್ದಾರೆ.

ತೊಂಬತ್ತರ ದಶಕ ಬರುವಷ್ಟರಲ್ಲಿ ಬೆರಳು ಸೋತಿತು. ಸಿಟ್ಟು ಬಂದು ಜೋರಾಗಿ ಒಂದು ತಳ್ಳು ತಳ್ಳಿದೆ. ಗಿರಗಿರನೆ ತಿರುಗಿ ನಿಂತಿದ್ದು 1903ರಲ್ಲಿ. ರೈಟ್ ಸೋದರರು ವಿಮಾನ ಹಾರಿಸಿದ ವರ್ಷ! ಅಲ್ಲಿಂದ ವಾಪಸ್ ಹೊರಟೆ. 1912, ಟೈಟಾನಿಕ್ ಮುಳುಗಿತು. 1945, ಮಹಾಯುದ್ಧ ಮುಗಿಯಿತು. 1969, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಅವರು ನಾಲ್ಕೇ ದಿನದಲ್ಲಿ ಅಲ್ಲಿಗೆ ಮುಟ್ಟಿದ್ದರು. ನಾನು ಎಪ್ಪತ್ತರ ದಶಕ ಮುಟ್ಟುವ ಹೊತ್ತಿಗೆ ಪರದೆಯ ಮೇಲೆ ಬಂತು: ‘ನಿಮ್ಮ ಸಮಯ ಮುಗಿದಿದೆ.’ ಇಷ್ಟು ಖಡಾಖಂಡಿತವಾಗಿ ಯಾವ ಡಾಕ್ಟರೂ ನನಗೆ ಹೇಳಿಲ್ಲ.

ಇನ್ನು ಕೆಲವು ಕಡೆ ಕ್ಯಾಲೆಂಡರ್ ತೆರೆಯುತ್ತದೆ. ಹಿಂದಕ್ಕೆ ಹೋಗಲು ಒಂದು ಪುಟ್ಟ ಬಾಣ. ಒಮ್ಮೆ ಒತ್ತಿದರೆ ಒಂದೇ ತಿಂಗಳು ಹಿಂದೆ. ಐವತ್ತು ತುಂಬಿದವರು 600 ಸಲ ಒತ್ತಬೇಕು, ಲೆಕ್ಕ ಹಾಕಿ ನೋಡಿ. ಮಗಳು ಬಂದು, "ಅಪ್ಪಾ, ಮೇಲೆ ವರ್ಷ ಇದೆಯಲ್ಲ, ಅದನ್ನ ಒತ್ತಿದ್ರೆ ಆಯ್ತು" ಅಂದಳು. ಅದು ಒತ್ತುವ ಜಾಗ ಅಂತ ಎಲ್ಲಿ ಬರೆದಿದೆಯಮ್ಮಾ ಅಂತ ಕೇಳಿದೆ. ಉತ್ತರ ಬರಲಿಲ್ಲ, ಒಂದು ನಿಟ್ಟುಸಿರು ಬಂತು. ಆ ನಿಟ್ಟುಸಿರು ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ಟಿವಿ ರಿಮೋಟ್ ಹಿಡಿದು ತಡಕಾಡುವಾಗ ನಾನು ಬಿಡುತ್ತಿದ್ದದ್ದೂ ಅದೇ.

ವಯಸ್ಸಿನ ಗುಂಪು ಕೇಳುವ ಫಾರಂ ಇನ್ನೂ ಚೆಂದ. 18ರಿಂದ 24, 25ರಿಂದ 34 ಅಂತ ಚಿಕ್ಕವರನ್ನು ಜೋಪಾನವಾಗಿ ವಿಂಗಡಿಸುತ್ತಾರೆ. ಕೊನೆಗೆ ‘65 ಮತ್ತು ಮೇಲ್ಪಟ್ಟು’. ಅಷ್ಟೇ. ಅರವತ್ತೈದರವರೂ ತೊಂಬತ್ತೈದರವರೂ ಒಂದೇ ಮೂಟೆಯಲ್ಲಿ. ನನಗಿನ್ನೂ ಆ ಮೂಟೆಗೆ ಟೈಮಿದೆ, ಆದರೂ ಈಗಲೇ ಸಿಟ್ಟು ಬರುತ್ತದೆ.

ಮಂಡಿಯ ಲಟಲಟ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮದೂ ಈ ವೇಳೆಗೆ ಶುರುವಾಗಿರುತ್ತದೆ. ಕಣ್ಣಿನದು ಮಾತ್ರ ಹೇಳಲೇಬೇಕು. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಬಿರುಸಾಗುತ್ತಾ ಬಂದು ಹತ್ತಿರದ ಅಕ್ಷರ ಮಸುಕಾಗುತ್ತದೆ. ಮೊದಮೊದಲು ಕೈ ಚಾಚಿ ಓದುತ್ತೇವೆ. ಕೈಯ ಉದ್ದ ಸಾಲದೇ ಹೋದಾಗ ಕನ್ನಡಕ ಬರುತ್ತದೆ. ಕನ್ನಡಕ ಹುಡುಕಲೂ ಕನ್ನಡಕ ಬೇಕಾದಾಗ ಮೊಬೈಲಿನ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುತ್ತೇವೆ. ಈಗ ನನ್ನ ಪರದೆಯಲ್ಲಿ ಹಿಡಿಸುವುದು ಮೂರ್ನಾಲ್ಕು ಪದ. ಬಸ್ಸಿನಲ್ಲಿ ನನ್ನ ಮೆಸೇಜನ್ನು ಹಿಂದಿನ ಸೀಟಿನವರು ನನಗಿಂತ ಮೊದಲೇ ಓದಿ ಮುಗಿಸಿರುತ್ತಾರೆ. ಒಬ್ಬರಂತೂ ನಾನು ಮುಂದಕ್ಕೆ ಸರಿಸಲಿ ಅಂತ ಕಾಯುತ್ತಿದ್ದರು.

ಹುಟ್ಟಿದ ವರ್ಷ ಹುಡುಕಲು ಇಷ್ಟು ಸತಾಯಿಸುವ ಇದೇ ಮೊಬೈಲು ಬೇರೆಯವರ ಹುಟ್ಟುಹಬ್ಬವನ್ನು ಮಾತ್ರ ಮರೆಯುವುದಿಲ್ಲ. ನನ್ನ ಗೆಳೆಯನೊಬ್ಬ ತೀರಿಕೊಂಡು ಕೆಲವು ವರ್ಷಗಳಾದವು. ಪ್ರತಿ ವರ್ಷ ಅವನ ದಿನ ಬಂದಾಗ ‘ಶುಭ ಹಾರೈಸಿ’ ಅಂತ ಬಲೂನಿನ ಚಿತ್ರದ ಸಮೇತ ನೆನಪಿಸುತ್ತದೆ. ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಗೊತ್ತು. ಒತ್ತಿಲ್ಲ. ಕಾಲೇಜಿನಲ್ಲಿದ್ದಾಗ ಅವನು ನನಗೆ 60 ನಿಮಿಷದ ಕ್ಯಾಸೆಟ್ಟಿಗೆ ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟಿದ್ದ. ಒಂದು ಬದಿಗೆ ಅರ್ಧ ಗಂಟೆ. ಅವನ ಲೆಕ್ಕ ತಪ್ಪಿ ಕೊನೆಯ ಹಾಡು ಎರಡನೇ ಚರಣದ ನಡುವೆಯೇ ಟಕ್ ಅಂತ ನಿಂತುಬಿಡುತ್ತಿತ್ತು. ಈಗ ಅದೇ ಹಾಡು ಮೊಬೈಲಿನಲ್ಲಿ ಪೂರ್ತಿ ಸಿಗುತ್ತದೆ. ಆದರೆ ಆ ಸಾಲು ಬಂದ ಕೂಡಲೇ ಕಿವಿ ಆ ‘ಟಕ್’ಗಾಗಿ ಕಾಯುತ್ತದೆ. ಹಾಡು ಮುಂದುವರಿದರೆ ಏನೋ ತಪ್ಪಾದಂತೆ ಅನಿಸುತ್ತದೆ.

ಹಾಡಿನ ಸಾಲು ಹೀಗೆ ಅಚ್ಚೊತ್ತಿದಂತೆ ಇದೆ, ನೆನ್ನೆ ಕಂಡವರ ಹೆಸರು ಇಲ್ಲ. ನಮ್ಮ ಮನೆಯಲ್ಲಿ ಈಗ ಹೆಸರಿಲ್ಲದೆಯೇ ಮಾತು ನಡೆಯುತ್ತದೆ.

"ರೀ, ಅವರು ಸಿಕ್ಕಿದ್ರು."

"ಯಾರು?"

"ಅದೇ, ಇವರ ಪಕ್ಕದ ಮನೆಯವರು."

"ಯಾರ ಪಕ್ಕದ ಮನೆ?"

"ಅಯ್ಯೋ, ಮದುವೇಲಿ ನಿಮ್ಮ ಹತ್ರ ಅಷ್ಟೊತ್ತು ಮಾತಾಡಿದ್ರಲ್ಲ, ಅವರು."

"ಓ, ಅವರಾ! ಏನಂತೆ?"

ಸಮಾಚಾರವೆಲ್ಲ ವಿನಿಮಯ ಆಗುತ್ತದೆ. ಇಬ್ಬರೂ ಒಬ್ಬರ ಬಗ್ಗೆಯೇ ಮಾತಾಡಿದೆವಾ ಅನ್ನುವುದಕ್ಕೆ ಮಾತ್ರ ಗ್ಯಾರಂಟಿ ಇಲ್ಲ. ಆದರೆ ನನ್ನವಳದು ಛಲ ಬಿಡದ ಜಾತಕ. ಆ ಹೆಸರನ್ನು ತಲೆಯಲ್ಲಿ ಹುಡುಕುತ್ತಲೇ ಮಲಗುತ್ತಾಳೆ. ಮೊನ್ನೆ ನಡುರಾತ್ರಿ ಭುಜ ಹಿಡಿದು ಅಲುಗಾಡಿಸಿದಳು. ಏನಾಯಿತೋ ಅಂತ ಎದೆ ಹೊಡೆದುಕೊಂಡಿತು.

"ರೀ, ಸಿಕ್ತು!"

"ಏನು?"

"ಹೆಸರು. ಸುಬ್ಬಣ್ಣ!"

"ಯಾವ ಸುಬ್ಬಣ್ಣ?"

ಕತ್ತಲಲ್ಲಿ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಅದೇ ರೀ, ಸಂಜೆ ಹೇಳಿದ್ನಲ್ಲ... ಅಲ್ಲಾ, ಏನು ಹೇಳಿದ್ದೆ ನಾನು?"